45 ಸೆಕೆಂಡುಗಳ ಹೇಕ್ ಕಲಿಯಲು ಪಂಜಾಬಿಗೆ ಹೋಗಬೇಕೆ?

ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ಅಮೃತಸರದ ನಮ್ಮ ಬಾಡಿಗೆ ಮನೆಯ ಮಾಳಿಗೆ ಕಣ್ಣಮುಂದೆ ಬಂತು. ಬೆಂಗಳೂರಿನ ಕೆಲಸ ಬಿಟ್ಟು ಒಂದು ವರ್ಷ ಪಂಜಾಬಿನಲ್ಲಿದ್ದರೆ ಜನಪದ ಗಾಯಕಿ ಗುರ್ಮೀತ್ ಬಾವಾ ಅವರಂತೆ ಒಂದೇ ಉಸಿರಿನಲ್ಲಿ 45 ಸೆಕೆಂಡು ಹೇಕ್, ಅಂದರೆ ಹಾಡಿನ ಮೊದಲಿನ ದೀರ್ಘ ಕರೆ, ತೆಗೆಯುವುದನ್ನು ಕಲಿಯಬಹುದೇ, ಅದಕ್ಕೆ ಚಂಡೀಗಢ ಒಳ್ಳೆಯದೋ ಅಮೃತಸರವೋ ಎಂದು ಕೇಳಿದ್ದೀರಿ. ನಾನು ಅಮೃತಸರದಲ್ಲಿ 3 ವರ್ಷ ಇದ್ದೆ, ಅದೇ ಹೇಕ್‌ನ ಬೆನ್ನು ಹತ್ತಿದೆ, ಕೊನೆಗೆ 11 ತಿಂಗಳು ಒಂದು ಸ್ವರವನ್ನೂ ಹಾಡದೆ ಕುಳಿತೆ.

ನಾನು ಬೀದರಿನವಳು. ಗುರುನಾನಕ ಝೀರಾದ ಗುರುದ್ವಾರ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು; ಶಾಲೆ ಬಿಟ್ಟ ಮೇಲೆ ಗೆಳತಿಯರ ಜೊತೆ ಲಂಗರಿನ ಊಟಕ್ಕೆಂದು ಹೋದವಳು ಹಾರ್ಮೋನಿಯಂ, ತಬಲಾಗಳ ಜೊತೆ ನಡೆಯುತ್ತಿದ್ದ ಶಬದ್ ಕೀರ್ತನೆಯನ್ನು ಕೇಳುತ್ತಾ ಸಂಜೆಯವರೆಗೆ ಕುಳಿತುಬಿಡುತ್ತಿದ್ದೆ. ಅರ್ಥ ತಿಳಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಪಂಜಾಬಿಯ ಸದ್ದು ನನ್ನ ಕಿವಿಯಲ್ಲಿ ಮನೆ ಮಾಡಿತ್ತು. ಮುಂದೆ 8 ವರ್ಷ ಹಿಂದೂಸ್ತಾನಿ ಗಾಯನ ಕಲಿತೆ. 2006ರಲ್ಲಿ ನಮ್ಮ ಯಜಮಾನರಿಗೆ ಅಮೃತಸರಕ್ಕೆ ವರ್ಗವಾದಾಗ ಬಂಧುಗಳೆಲ್ಲ ಅಷ್ಟು ದೂರವೇ ಎಂದು ಮರುಗಿದರು. ನಾನು ಮಾತ್ರ ಸಂತೋಷದಿಂದ ಪೆಟ್ಟಿಗೆ ಕಟ್ಟಿದೆ.

ನೀವು ಗುರ್ಮೀತ್ ಬಾವಾ ಅವರ ಹೆಸರಿನ ಜೊತೆ ಸೆಕೆಂಡುಗಳ ಲೆಕ್ಕವನ್ನು ಬರೆದಿದ್ದೀರಿ, ಅವರ ಬದುಕಿನ ಬಗ್ಗೆ ಏನೂ ಬರೆದಿಲ್ಲ. ಅವರು 1944ರಲ್ಲಿ ಗುರುದಾಸಪುರ ಜಿಲ್ಲೆಯ ಕೋಠೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹೆಣ್ಣುಮಕ್ಕಳ ಓದಿಗೆ ಬೆಲೆಯಿಲ್ಲದಿದ್ದ ಕಾಲದಲ್ಲಿ, ಮದುವೆಯಾದ ಮೇಲೆ ಓದಿ ಶಾಲಾ ಶಿಕ್ಷಕಿಯಾದರು. ಪತಿ ಕಿರಪಾಲ್ ಬಾವಾ ಅವರೂ ಜನಪದ ಗಾಯಕರು. ಇಬ್ಬರೂ ಸೇರಿ ಹಾಡಿದರು, ಮುಂದೆ ಮಕ್ಕಳಾದ ಲಾಚಿ ಮತ್ತು ಗ್ಲೋರಿಯೂ ತಾಯಿಯ ಜೊತೆ ವೇದಿಕೆ ಏರಿದರು. 1991ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 2021ರ ನವೆಂಬರ್ 21ರಂದು ಅವರು ತೀರಿಕೊಂಡರು, ಪದ್ಮಭೂಷಣ 2022ರಲ್ಲಿ ಮರಣೋತ್ತರವಾಗಿ ಘೋಷಣೆಯಾಯಿತು. ಆ ಸುದ್ದಿಯನ್ನು ಓದಿದ ದಿನ ನನಗೆ ಸಂತೋಷಕ್ಕಿಂತ ನೋವೇ ಹೆಚ್ಚಾಯಿತು. ಅಲ್ಗೋಜಾ, ಚಿಮಟಾ, ಢೋಲಕಿಗಳ ನಡುವೆ ನಿಂತು ಅವರು ಹಾಡಿದ್ದು ಹಳ್ಳಿಯ ಹೆಂಗಸರ ಹಾಡುಗಳನ್ನು, ಮದುವೆಯ ಮನೆಯ ಹಾಡುಗಳನ್ನು, ಜುಗನಿ ಎಂಬ ಜನಪದ ಹಾಡನ್ನು. ಹೇಕ್ ಎಂದರೆ ಆ ಹಾಡುಗಳ ಮೊದಲಿಗೆ ತಾಳವಿಲ್ಲದೆ ಎತ್ತುವ ದೀರ್ಘವಾದ ಕರೆ. ಅಂಗಳದಲ್ಲಿ ಚದುರಿ ಕುಳಿತವರನ್ನು ಹಾಡಿನ ಕಡೆಗೆ ತಿರುಗಿಸುವುದು ಅದರ ಕೆಲಸ.

ನನಗೆ ಅದು ಆಗ ತಿಳಿದಿರಲಿಲ್ಲ. ಅವರ ಧ್ವನಿಮುದ್ರಿಕೆಯನ್ನು ಕೇಳಿ ನಾನು ಮೊದಲು ಮಾಡಿದ ಕೆಲಸವೆಂದರೆ ಗಡಿಯಾರವನ್ನು ಕೈಗೆತ್ತಿಕೊಂಡದ್ದು. ಈ ಒಂದು ತಪ್ಪನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಆ ಗಡಿಯಾರ ಆಗಲೇ ಕಾಣಿಸಿಕೊಂಡಿದೆ.

ನನ್ನ ಮೊದಲ ಹೇಕ್ 14 ಸೆಕೆಂಡಿಗೆ ನಿಂತಿತು. ದಿನಕ್ಕೆ ಅರ್ಧ ಸೆಕೆಂಡು ಹೆಚ್ಚಿಸುತ್ತಾ ಹೋದರೆ ಎರಡು ತಿಂಗಳಲ್ಲಿ ಗುರಿ ಮುಟ್ಟಬಹುದೆಂದು ಲೆಕ್ಕ ಹಾಕಿ, 2007ರ ಡಿಸೆಂಬರಿನಲ್ಲಿ ಸಂಜೆಯ ಮಂಜಿನಲ್ಲಿ ಮಾಳಿಗೆ ಹತ್ತಿದೆ. ಹೆಚ್ಚು ಗಾಳಿ ತುಂಬಿಕೊಂಡರೆ ಹೆಚ್ಚು ಹೊತ್ತು ಹಾಡಬಹುದೆಂದು ಭಾವಿಸಿ, ಭುಜಗಳು ಮೇಲೇಳುವಷ್ಟು ಉಸಿರೆಳೆಯುತ್ತಿದ್ದೆ. ಹಾಗೆ ಎದೆಯ ತುಂಬ ಬಿಗಿದ ಗಾಳಿ ಮೊದಲ ಐದಾರು ಸೆಕೆಂಡುಗಳಲ್ಲೇ ರಭಸದಿಂದ ಹೊರನುಗ್ಗುತ್ತದೆ, ಅದನ್ನು ತಡೆಯಲು ಗಂಟಲು ತಾನಾಗಿ ಬಿಗಿದುಕೊಳ್ಳುತ್ತದೆ. ಕೊನೆಯ ಹತ್ತು ಸೆಕೆಂಡುಗಳಲ್ಲಿ ಗಾಳಿಯೇ ಉಳಿದಿರುವುದಿಲ್ಲ. ಆಗ ಸ್ವರ ಬೀಳದಂತೆ ಹಿಡಿದಿಡಲು ಗಂಟಲನ್ನು ಇನ್ನಷ್ಟು ಹಿಂಡಬೇಕಾಗುತ್ತದೆ. ಧ್ವನಿತಂತುಗಳು ತಾರಸಪ್ತಕದ ಎತ್ತರದಲ್ಲಿ ಸೆಕೆಂಡಿಗೆ 400ಕ್ಕೂ ಹೆಚ್ಚು ಸಲ ಒಂದನ್ನೊಂದು ತಾಗುತ್ತಿರುತ್ತವೆ. ಬಿಗಿದ ಗಂಟಲಿನಲ್ಲಿ ಆ ತಾಗುವಿಕೆಯೇ ಏಟಾಗುತ್ತದೆ. ಹತ್ತು ಸೆಕೆಂಡಿಗೆ 4,000 ಏಟು, ಸಂಜೆಗೆ ಮೂವತ್ತು ಸಲ. ಮರುದಿನ ಬೆಳಿಗ್ಗೆ ಗಂಟಲು ಕಟ್ಟಿರುತ್ತಿತ್ತು, ಚಳಿಯ ಕಾರಣವೆಂದು ಬಿಸಿನೀರು ಕುಡಿಯುತ್ತಿದ್ದೆ.

ಇದಕ್ಕೆ ಕುಮ್ಮಕ್ಕು ಕೊಟ್ಟದ್ದು ನಾನು ಸೇರಿದ್ದ ತಂಡದ ಅಲ್ಗೋಜಾ. ಅಲ್ಗೋಜಾ ಎಂದರೆ ಒಟ್ಟಿಗೆ ನುಡಿಸುವ ಜೋಡಿ ಕೊಳಲು. ನುಡಿಸುವವರು ನಿಮಿಷಗಟ್ಟಲೆ ನಾದ ಕಡಿಯದಂತೆ ಊದುತ್ತಾರೆ. ಅವರು ಉಸಿರು ತೆಗೆದುಕೊಳ್ಳುವುದನ್ನೇ ಕಾಣದ ನಾನು, ಅಭ್ಯಾಸ ಮಾಡಿದರೆ ಮನುಷ್ಯನ ಉಸಿರಿಗೆ ಮಿತಿಯಿಲ್ಲವೆಂದು ನಂಬಿಬಿಟ್ಟೆ. ನಿಜವಾಗಿ ಅವರು ಕೆನ್ನೆಗಳಲ್ಲಿ ತುಂಬಿಟ್ಟ ಗಾಳಿಯನ್ನು ಊದುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳುತ್ತಾರೆ. ಹಾಡುವವರಿಗೆ ಆ ದಾರಿಯಿಲ್ಲ, ಏಕೆಂದರೆ ನಮ್ಮ ನಾದ ಹುಟ್ಟುವುದು ಗಂಟಲಿನಲ್ಲಿ. ಶ್ವಾಸಕೋಶದ ಗಾಳಿ ನಿಂತರೆ ನಾದವೂ ನಿಲ್ಲುತ್ತದೆ. ಇಷ್ಟನ್ನು ಆ ಹಿರಿಯ ವಾದಕರಲ್ಲಿ ಒಂದು ಮಾತು ಕೇಳಿದ್ದರೆ ಅವರೇ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಫೆಬ್ರವರಿಯಲ್ಲಿ ನನ್ನ ಹೇಕ್ 31 ಸೆಕೆಂಡು ಮುಟ್ಟಿತು. ಅದೇ ತಿಂಗಳು ಒಂದು ಮದುವೆಯಲ್ಲಿ ಆ 31 ಸೆಕೆಂಡುಗಳ ನಂತರ ಹಾಡಿನ ಮೊದಲ ಸಾಲು ಹೇಳಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಹೆಣ್ಣಿನ ಕಡೆಯವರೆಲ್ಲ ಆ ಸಾಲಿಗಾಗಿ ಕಾಯುತ್ತಿದ್ದರು. ಕಿವಿ-ಮೂಗು-ಗಂಟಲಿನ ವೈದ್ಯರು ಎರಡೂ ಧ್ವನಿತಂತುಗಳ ಮೇಲೆ ಎದುರುಬದುರಾಗಿ ಎದ್ದಿದ್ದ ಪುಟ್ಟ ಗಂಟುಗಳನ್ನು ಪರದೆಯ ಮೇಲೆ ತೋರಿಸಿದರು. ಶಸ್ತ್ರಚಿಕಿತ್ಸೆ ಬೇಡ, ಮೊದಲು ಮೌನ, ಆಮೇಲೆ ಧ್ವನಿ ಚಿಕಿತ್ಸೆ ಎಂದರು. ಪಿಸುಮಾತೂ ಕೂಡದೆಂದರು, ಪಿಸುಗುಟ್ಟುವಾಗಲೂ ಗಂಟಲು ಬಿಗಿಯುತ್ತದೆಯಂತೆ. ಮಗಳಿಗೆ ಆಗ 4 ವರ್ಷ. ಅವಳನ್ನು ಮಲಗಿಸಲು ಲಾಲಿ ಹಾಡಲಾಗದೆ ಬೆನ್ನು ತಟ್ಟುತ್ತಾ ಕಳೆದ ರಾತ್ರಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮತ್ತೆ ಹಾಡಲು ಕಲಿಸಿದವರು ನೆರೆಮನೆಯ ಬೀಜಿ, ಅಂದರೆ ಅಲ್ಲಿಯವರು ಹಿರಿಯ ಹೆಂಗಸನ್ನು ಕರೆಯುವಂತೆ ನಾನೂ ಕರೆಯುತ್ತಿದ್ದ ಅಜ್ಜಿ. ಎಪ್ಪತ್ತು ದಾಟಿದ್ದ ಅವರು ಪಾಲಕ್ ಸೋಸುತ್ತಾ ಸುಹಾಗ್ ಗುನುಗುತ್ತಿದ್ದರು. ಮದುವೆಯಲ್ಲಿ ಹೆಣ್ಣಿನ ಮನೆಯವರು ಹಾಡುವುದು ಸುಹಾಗ್, ಗಂಡಿನ ಮನೆಯವರು ಹಾಡುವುದು ಘೋಡಿ, ಅಂದರೆ ಮದುಮಗನ ಕುದುರೆಯ ಹಾಡು. ನಮ್ಮ ಸೋಬಾನೆ ಪದಗಳನ್ನು ಕೇಳಿ ಬೆಳೆದವರಿಗೆ ಅವುಗಳ ಭಾವ ಕೂಡಲೇ ಹತ್ತಿರವಾಗುತ್ತದೆ. ನಾನು ದನಿಗೂಡಿಸಿದಾಗ ಬೀಜಿ ತಡೆದು, “ಪುತ್ತ್, ನೀನು ಹಾಡುತ್ತಿರುವುದು ಪುಸ್ತಕದ ಪಂಜಾಬಿ” ಎಂದರು. ಅದರ ಅರ್ಥ ತಿಳಿಯಲು ವಾರಗಳೇ ಬೇಕಾದವು. ಪಂಜಾಬಿಯಲ್ಲಿ ಪದದ ಅರ್ಥವನ್ನು ಸ್ವರದ ಏರಿಳಿತವೂ ನಿರ್ಧರಿಸುತ್ತದೆ. ಬರವಣಿಗೆಯಲ್ಲಿ ‘ಘೋಡಾ’ ಎಂದಿರುವ ಕುದುರೆಯನ್ನು ಅವರು ‘ಕೋಡಾ’ ಎಂಬಂತೆ, ದನಿಯನ್ನು ತಗ್ಗಿಸಿ ಎತ್ತುತ್ತಾ ಉಚ್ಚರಿಸುತ್ತಾರೆ. ಸಮವಾದ ದನಿಯಲ್ಲಿ ‘ಕೋಡಾ’ ಎಂದರೆ ಚಾವಟಿ, ಏರುದನಿಯಲ್ಲಿ ಕುಷ್ಠರೋಗಿ. ಮದುಮಗನ ಕುದುರೆಯ ಹಾಡನ್ನು ನಾನು ಬೀದರಿನ ಮಹಾಪ್ರಾಣ ಒತ್ತಿ ಹಾಡುತ್ತಿದ್ದೆ! ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯುತ್ತಿದ್ದೇನೆಂದು ನೀವು ಹೇಳಿದ್ದೀರಿ, ದಯವಿಟ್ಟು ಇವತ್ತೇ ಅದನ್ನು ನಿಲ್ಲಿಸಿ.

ಆದ್ದರಿಂದ ಚಂಡೀಗಢವೋ ಅಮೃತಸರವೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ವರ್ಷದ ಗಡುವು, 45 ಸೆಕೆಂಡುಗಳ ಗುರಿ ಎರಡನ್ನೂ ಹೊತ್ತುಕೊಂಡು ಹೋದರೆ ಯಾವ ಊರಿನಲ್ಲಿದ್ದರೂ ನಿಮ್ಮ ಕಂಠಕ್ಕೆ ಅಪಾಯವಿದೆ. ಕೆಲಸ ಬಿಡಬೇಡಿ, ಗುರ್ಮೀತ್ ಬಾವಾ ಅವರೂ ಮೇಷ್ಟರ ಕೆಲಸ ಮಾಡಿದವರೇ. ಆರು ತಿಂಗಳು ಬೆಂಗಳೂರಿನಲ್ಲೇ ಪಂಜಾಬಿಯ ಗುರುಮುಖಿ ಲಿಪಿ ಓದಲು ಕಲಿಯಿರಿ, ಪಂಜಾಬಿ ಮನೆಮಾತಿನವರೊಬ್ಬರ ಜೊತೆ ಹಾಡಿಲ್ಲದೆ ಬರೀ ಮಾತನಾಡಿ. ಉಸಿರಿನ ಅಭ್ಯಾಸ ಮಾಡುವುದಾದರೆ ಸಾಧಾರಣವಾಗಿ ಉಸಿರೆಳೆದು, ಭುಜ ಅಲುಗದಂತೆ, ಪಕ್ಕೆಗಳು ಕುಸಿಯದಂತೆ ಮಂದ್ರದಲ್ಲಿ ಮೆಲುದನಿಯಲ್ಲಿ ‘ಆ’ ಎಂದು ಸ್ವರ ಹಿಡಿಯಿರಿ; ಇನ್ನೂ ಗಾಳಿ ಉಳಿದಿರುವಾಗಲೇ ನಿಲ್ಲಿಸಿ, ಹೊಸ ಉಸಿರೆಳೆಯದೆ ಹಾಡಿನ ಮೊದಲ ಸಾಲನ್ನು ಪೂರ್ತಿ ಹೇಳಿ. ಆ ಸಾಲು ನಡುಗದೆ ಬಂದರೆ ಅಂದಿನ ಹೇಕ್‌ಗೆ ಅಷ್ಟು ಉದ್ದ ಸಾಕು. ದನಿ ಎರಡು ವಾರಕ್ಕಿಂತ ಹೆಚ್ಚು ಕಾಲ ಒಡೆದಿದ್ದರೆ ವೈದ್ಯರನ್ನು ಕಾಣಿ, ಕಷಾಯ ಕುಡಿಯುತ್ತಾ ಕೂರಬೇಡಿ.

ಆಮೇಲೆ ಹತ್ತು ದಿನ ರಜೆ ಹಾಕಿ ಗುರುದಾಸಪುರದ ಕಡೆಯ ಯಾವುದಾದರೂ ಹಳ್ಳಿಯ ಮದುವೆಗೆ, ಪರಿಚಯದವರ ಮೂಲಕ ಹೋಗಿ. ರಾತ್ರಿ ಹೆಂಗಸರು ಢೋಲಕಿ ಹಿಡಿದು ಕುಳಿತಾಗ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ, ಅವರಾಗಿ ಕರೆಯುವವರೆಗೆ ಹಾಡಬೇಡಿ.