ಡೆಡ್‌ಲೈನ್ ಪದದಲ್ಲಿ ‘ಡೆಡ್’ ಯಾಕಿದೆ?

ಗಡುವು ಮೀರಿದರೆ ಯಾರೂ ಸಾಯುವುದಿಲ್ಲ, ಮತ್ಯಾಕೆ ಈ ‘ಡೆಡ್’ ಅಂತ ಕೇಳಿದ್ದೀರಿ. ಈ ಪದ ಹೆಸರಾದ ಕಾಲದಲ್ಲಿ ಗೆರೆ ದಾಟಿದವರು ನಿಜವಾಗಿಯೂ ಸಾಯುತ್ತಿದ್ದರು.

ಅದು ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಕಾಲ. 1864ರ ಫೆಬ್ರವರಿಯಲ್ಲಿ ದಕ್ಷಿಣದ ಪಡೆಯವರು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳ ಶಿಬಿರ ತೆರೆದರು. ಸುತ್ತ ಎತ್ತರದ ಮರದ ದಿಮ್ಮಿಗಳ ಗೋಡೆ. ಗೋಡೆಯಿಂದ ಸುಮಾರು 19 ಅಡಿ ಒಳಗೆ, ಗೂಟ ನೆಟ್ಟು ಮೇಲೊಂದು ಪಟ್ಟಿ ಹೊಡೆದ ಗಿಡ್ಡ ಬೇಲಿ. ಅದೇ ಡೆಡ್‌ಲೈನ್. ದಾಟಿದರೆ ಕಾವಲುಗಾರರು ಗುಂಡು ಹಾರಿಸುತ್ತಿದ್ದರು. ಒಳಗೆ ಹರಿಯುತ್ತಿದ್ದ ತೊರೆ ಹೊಲಸಾಗಿತ್ತು. ಸ್ವಲ್ಪ ತಿಳಿನೀರು ಸಿಗಲಿ ಅಂತ ಬೇಲಿಯಾಚೆ ಕೈಚಾಚಿದವರೂ ಗುಂಡಿಗೆ ಬಲಿಯಾದರು. ಅಲ್ಲಿಗೆ ಬಂದ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಸತ್ತರು, ಬಹುಪಾಲು ರೋಗ ಮತ್ತು ಹಸಿವಿನಿಂದ. ಶಿಬಿರದ ಮುಖ್ಯಸ್ಥ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್ 10ರಂದು ಗಲ್ಲಿಗೇರಿಸಿದರು. ವಿಚಾರಣೆಯಲ್ಲಿ ಈ ಬೇಲಿಯ ಮಾತು ಮತ್ತೆ ಮತ್ತೆ ಬಂತು.

ಸಮಯದ ಗಡುವು ಎಂಬ ಅರ್ಥ ಬಂದದ್ದು ಆಮೇಲೆ, 20ನೇ ಶತಮಾನದ ಆರಂಭದಲ್ಲಿ, ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ. ಇಷ್ಟು ಹೊತ್ತಿನ ನಂತರ ಬಂದ ಸುದ್ದಿ ಇವತ್ತಿನ ಪತ್ರಿಕೆಗಿಲ್ಲ ಅಂತ. ನಡುವೆ ಮುದ್ರಣದವರಲ್ಲೂ ಒಂದು ಡೆಡ್‌ಲೈನ್ ಇತ್ತು: ಯಂತ್ರದ ಮೇಲೆ ಗುರುತು ಮಾಡಿದ ಗೆರೆ. ಅದರಾಚೆ ಇಟ್ಟ ಅಚ್ಚಿನ ಮೊಳೆ ಸರಿಯಾಗಿ ಮೂಡುತ್ತಿರಲಿಲ್ಲ. ಪತ್ರಿಕೆಯವರಿಗೆ ಜೈಲಿನ ಬೇಲಿಗಿಂತ ಈ ಗೆರೆಯೇ ಹತ್ತಿರದ್ದು ಅಲ್ವಾ? ಹಾಗಾಗಿ ಪದ ಈ ದಾರಿಯಲ್ಲಿ ಬಂದಿರುವ ಸಾಧ್ಯತೆಯೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.