ಕರೆಂಟ್ ಬಂದರೂ ಮೆಷಿನ್ ಓಡದು

ಪ್ರಶ್ನೆ: ಪ್ಯಾಕಿಂಗ್ ಮೆಷಿನ್‌ನ ಓಮ್ರಾನ್ ಸಿಪಿಎಂ1ಎ ಪಿಎಲ್‌ಸಿಗೆ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಕೈಯಲ್ಲಿ ಹಿಡಿಯುವ ಕನ್ಸೋಲ್ ಹಾಕಿ ಟೈಮರ್ ತಿದ್ದಿದೆ. ಅಂದಿನಿಂದ ಕರೆಂಟ್ ಹೋಗಿ ಬಂದರೆ ಮೆಷಿನ್ ಓಡುವುದಿಲ್ಲ. ಪಿಎಲ್‌ಸಿ ಕೆಟ್ಟಿತೇ?
– ಒಬ್ಬ ಫಿಟ್ಟರ್, ಪೀಣ್ಯ

ಉತ್ತರ: ಕೆಟ್ಟಿಲ್ಲ ಮಾರಾಯರೇ. ಕನ್ಸೋಲನ್ನು ಅಲ್ಲೇ ನೇತುಹಾಕಿ ಬಂದಿದ್ದೀರಿ, ಅಲ್ವಾ? ಅದರ ಮೋಡ್ ಬದಲಿಸುವ ಕೀ 'ಪ್ರೋಗ್ರಾಂ'ನಲ್ಲೇ ಉಳಿದಿರಬೇಕು; ಆ ಮೋಡ್‌ನಲ್ಲಿ ಮೆಷಿನ್ ಓಡದು. ಕನ್ಸೋಲ್ ಸಿಕ್ಕಿಸಿದ್ದರೆ, ಪವರ್ ಬಂದಾಗ ಪಿಎಲ್‌ಸಿ ಅದರ ಕೀ ತೋರಿಸುವ ಮೋಡ್‌ಗೇ ಹೋಗುತ್ತದೆ. ಬಿಚ್ಚಿಟ್ಟಿದ್ದರೆ, ಮೂಲ ಸೆಟ್ಟಿಂಗ್ ಯಾರೂ ಮುಟ್ಟಿರದಿದ್ದರೆ, ನೇರ 'ರನ್', ಅಂದರೆ ಓಡುವ ಮೋಡ್. ನಾನೂ ಒಮ್ಮೆ ಇದಕ್ಕೇ ಅರ್ಧ ರಾತ್ರಿ ವೈರ್ ಎಳೆದಾಡಿದವನು!

ಟೈಮರ್ ತಿದ್ದಲು 'ಮಾನಿಟರ್' ಮೋಡ್ ಸಾಕು, ಮೆಷಿನ್ ನಿಲ್ಲಿಸಬೇಕಿಲ್ಲ. ಪರದೆ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ. 'ಸಿಎಲ್‌ಆರ್', ಆಮೇಲೆ 'ಮಾನಿಟರ್' ಗುಂಡಿ ಒತ್ತಿ. ಹಾಂ, ಮಾಮೂಲಿ ಟೈಮರ್‌ನಲ್ಲಿ 0050 ಅಂದರೆ 5 ಸೆಕೆಂಡು, 50 ಅಲ್ಲ.