ಕ್ರಿಸ್ಪರ್ ಕತ್ತರಿಸುತ್ತದೆ, ಬೆಸೆಯುವುದು ಜೀವಕೋಶ

ಪ್ರಶ್ನೆ: ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಉತ್ಪರಿವರ್ತನೆಯಲ್ಲೂ (ಮ್ಯುಟೇಶನ್) ಡಿಎನ್‌ಎ ಬದಲಾಗುತ್ತದೆ, ಜೀನ್ ಎಡಿಟಿಂಗ್‌ನಲ್ಲೂ ಬದಲಾಗುತ್ತದೆ. ಹಾಗಾದರೆ ವ್ಯತ್ಯಾಸವೇನು? ಬಿಟಿ ಹತ್ತಿ ಯಾವುದಕ್ಕೆ ಸೇರುತ್ತದೆ? ಎಡಿಟಿಂಗ್‌ನಿಂದ ಗುಣವಾದವರ ಮಕ್ಕಳಿಗೆ ಆ ಕಾಯಿಲೆ ಬರುವುದಿಲ್ಲವೇ?

ಉತ್ತರ: ಚಿತ್ರದುರ್ಗದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಅನುಮಾನ ಸರಿಯಾದ ಕಡೆಗೇ ಹೋಗಿದೆ. ಎಡಿಟಿಂಗ್ ಎಂದರೆ ಜಾಗ ಗೊತ್ತುಮಾಡಿಕೊಂಡು ಉಂಟುಮಾಡಿದ ಉತ್ಪರಿವರ್ತನೆ, ಅಷ್ಟೇ. ತಾನಾಗಿ ಆಗುವ ಉತ್ಪರಿವರ್ತನೆ ಡಿಎನ್‌ಎ ನಕಲಾಗುವಾಗಿನ ತಪ್ಪಿನಿಂದಲೋ ನೇರಳಾತೀತ ಕಿರಣದಿಂದಲೋ ಎಲ್ಲಿ ಬೇಕಾದರೂ ಬರಬಹುದು. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣುನೊಣಗಳಿಗೆ ಎಕ್ಸ್‌ರೇ ಹಾಯಿಸಿ ಉತ್ಪರಿವರ್ತನೆಗಳ ಸಂಖ್ಯೆಯನ್ನು ಹೆಚ್ಚಿಸಿದರು. ಆದರೆ ಯಾವ ಜೀನ್ ಬದಲಾಗಬೇಕು ಎಂದು ಆರಿಸುವುದು ಅವರ ಕೈಯಲ್ಲಿರಲಿಲ್ಲ.

ಬದಲಾವಣೆಯ ಪರಿಣಾಮವನ್ನು ತರಗತಿಯಲ್ಲಿ ಹೀಗೆ ಬರೆದು ತೋರಿಸುತ್ತೇನೆ: ‘ಅವಳು ಮನೆಗೆ ಬರಲಿ’. ಜೀವಕೋಶ ಡಿಎನ್‌ಎಯ ಸಂದೇಶವನ್ನು ಮೂರು ಮೂರು ಅಕ್ಷರಗಳ ಗುಂಪಾಗಿ, ಅಂದರೆ ಕೋಡಾನ್‌ಗಳಾಗಿ ಓದುತ್ತದೆ; ಇಲ್ಲೂ ಹಾಗೆಯೇ ಮೂರು ಮೂರು ಅಕ್ಷರ. ‘ಳು’ ಬದಲು ‘ನು’ ಹಾಕಿದರೆ ‘ಅವನು ಮನೆಗೆ ಬರಲಿ’. ವಾಕ್ಯ ಕೆಡಲಿಲ್ಲ, ಬರುವವರು ಬೇರೆಯಾದರು. ಕುಡಗೋಲು ಕಣ ರಕ್ತಹೀನತೆ ಈ ಬಗೆಯದು: ಡಿಎನ್‌ಎಯ ಒಂದು ಅಕ್ಷರ ಬದಲಾಗಿ, ಹಿಮೋಗ್ಲೋಬಿನ್‌ನ ಭಾಗವಾದ ಬೀಟಾ ಗ್ಲೋಬಿನ್ ಪ್ರೋಟೀನಿನ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲೀನ್ ಬರುತ್ತದೆ. ಈಗ ಮೂಲ ವಾಕ್ಯದ ‘ವ’ ಒಂದನ್ನು ಅಳಿಸಿ ಮತ್ತೆ ಮೂರರಂತೆ ಓದಿ: ‘ಅಳುಮ ನೆಗೆಬ ರಲಿ’. ಒಂದೇ ಅಕ್ಷರ ಹೋಗಿದ್ದಕ್ಕೆ ಮುಂದಿನದೆಲ್ಲ ಹಾಳು. ಇದೇ ಫ್ರೇಮ್‌ಶಿಫ್ಟ್. ಪೂರ್ತಿ ‘ಮನೆಗೆ’ ತೆಗೆದರೆ ಮಾತ್ರ ಉಳಿದದ್ದು ಓದಲು ಬರುತ್ತದೆ.

ಈಗ ಜೀನ್ ಎಡಿಟಿಂಗ್‌ಗೆ ಬಳಸುವ ಕ್ರಿಸ್ಪರ್ ತಂತ್ರ. ಸುಮಾರು 20 ಅಕ್ಷರಗಳ ಗುರುತಿರುವ ಗೈಡ್ ಆರ್‌ಎನ್‌ಎ, ಕ್ಯಾಸ್9 ಎಂಬ ಕಿಣ್ವವನ್ನು ಡಿಎನ್‌ಎಯ ತಕ್ಕ ಜಾಗಕ್ಕೆ ಕರೆದೊಯ್ಯುತ್ತದೆ. ಕಿಣ್ವ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಹೆಚ್ಚಿನ ಲೇಖನಗಳು ಇಲ್ಲಿಗೇ ನಿಲ್ಲಿಸಿ ‘ಜೀನ್ ತಿದ್ದಲಾಯಿತು’ ಎಂದುಬಿಡುತ್ತವೆ. ಇದು ನನಗೆ ಯಾವಾಗಲೂ ಕಿರಿಕಿರಿ ತರಿಸುವ ವಿಷಯ, ಏಕೆಂದರೆ ಇನ್ನೂ ಏನೂ ತಿದ್ದಿರುವುದಿಲ್ಲ. ತುಂಡಾದ ಡಿಎನ್‌ಎಯನ್ನು ಬೆಸೆಯುವುದು ಜೀವಕೋಶವೇ. ತುದಿಗಳನ್ನು ಅವಸರದಲ್ಲಿ ಜೋಡಿಸುವಾಗ ಅದು ಒಂದೆರಡು ಅಕ್ಷರ ಬಿಡಬಹುದು, ಸೇರಿಸಬಹುದು. ಫ್ರೇಮ್‌ಶಿಫ್ಟ್ ಆಗಿ ಜೀನ್ ಕೆಲಸ ನಿಲ್ಲಿಸುತ್ತದೆ. ನಮಗೆ ಬೇಕಾದ ಅಕ್ಷರವನ್ನೇ ಕೂರಿಸಬೇಕಾದರೆ ಜೊತೆಗೆ ಮಾದರಿ ಡಿಎನ್‌ಎ ಕೊಡಬೇಕು, ಜೀವಕೋಶ ಅದನ್ನು ನೋಡಿ ರಿಪೇರಿ ಮಾಡಬೇಕು. ಈ ಎರಡನೆಯ ದಾರಿ ಬಹಳ ಕಡಿಮೆ ಬಾರಿ ಫಲಿಸುತ್ತದೆ. ಕೆಡಿಸುವುದು ಸುಲಭ, ತಿದ್ದುವುದು ಕಷ್ಟ.

ಬಿಟಿ ಹತ್ತಿ ಎಡಿಟಿಂಗ್ ಅಲ್ಲ. 2002ರಲ್ಲಿ ಭಾರತ ಅದರ ಕೃಷಿಗೆ ಒಪ್ಪಿಗೆ ಕೊಟ್ಟಾಗ ಕ್ರಿಸ್ಪರ್ ತಂತ್ರವೇ ಇರಲಿಲ್ಲ. ವಿಜ್ಞಾನಿಗಳಾದ ಡೌಡ್ನಾ ಮತ್ತು ಶಾರ್ಪೆಂಟಿಯೆ ಅದನ್ನು ತೋರಿಸಿಕೊಟ್ಟದ್ದು 2012ರಲ್ಲಿ. ನಮ್ಮ ಎಪಿಎಂಸಿಗೆ ಬರುವ ಬಿಟಿ ಹತ್ತಿಯ ಗಿಡದಲ್ಲಿ ಕಾಯಿಕೊರಕ ಹುಳುವನ್ನು ಕೊಲ್ಲುವ, ಬ್ಯಾಕ್ಟೀರಿಯಾದಿಂದ ತಂದ ಕ್ರೈ ಜೀನ್ ಇದೆ. ಅಂದರೆ ಅದು ಹೊರಗಿನ ಜೀನ್ ಸೇರಿಸಿದ ಬೆಳೆ. ಎಡಿಟ್ ಮಾಡಿದ ಬೆಳೆಗೆ ಉದಾಹರಣೆ ಬೇಕಾದರೆ ಭತ್ತ ಹಿಡಿಯಿರಿ, ಭದ್ರಾ ಅಚ್ಚುಕಟ್ಟಿನವರಿಗೆ ಅದೇ ಹತ್ತಿರ. 2025ರ ಮೇ ತಿಂಗಳಲ್ಲಿ ಪ್ರಕಟವಾದ ‘ಕಮಲಾ’ ತಳಿಯಲ್ಲಿ ಸಾಂಬಾ ಮಸೂರಿಯದೇ ಒಂದು ಜೀನ್ ಅನ್ನು ಬದಲಿಸಿ ತೆನೆಯಲ್ಲಿ ಕಾಳು ಹೆಚ್ಚುವಂತೆ ಮಾಡಿದ್ದಾರೆ. ಪರೀಕ್ಷೆಯಲ್ಲಿ ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಅಂಕ ಹೋಗುತ್ತದೆ.

ಕೊನೆಯ ಪ್ರಶ್ನೆ. ಕುಡಗೋಲು ಕಣ ಕಾಯಿಲೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆ ಆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ. ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ತಯಾರಾಗದಂತೆ ತಡೆಯುವ ಬಿಸಿಎಲ್11ಎ ಜೀನ್‌ನ ನಿಯಂತ್ರಕ ಭಾಗವನ್ನು ಕತ್ತರಿಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಆಗ ಆ ಹಿಮೋಗ್ಲೋಬಿನ್ ಮತ್ತೆ ಹೆಚ್ಚಾಗಿ ತಯಾರಾಗಿ ಕಾಯಿಲೆಯ ಬಾಧೆ ತಗ್ಗುತ್ತದೆ. ಇಲ್ಲೂ ಬಳಕೆಯಾಗುವುದು ಮೇಲೆ ಹೇಳಿದ ಸುಲಭದ ದಾರಿಯೇ. ಬದಲಾದದ್ದು ರಕ್ತಕೋಶಗಳು ಮಾತ್ರ, ಅಂಡಾಣು ವೀರ್ಯಾಣುಗಳಲ್ಲ. ಆದ್ದರಿಂದ ಗುಣವಾದ ರೋಗಿ ಕುಡಗೋಲು ಜೀನ್ ಅನ್ನು ಮಕ್ಕಳಿಗೆ ದಾಟಿಸಿಯೇ ದಾಟಿಸುತ್ತಾರೆ. ಇನ್ನೊಬ್ಬ ಪೋಷಕರಿಂದಲೂ ಅಂಥದೇ ಜೀನ್ ಬಂದರೆ ಮಗುವಿಗೆ ಕಾಯಿಲೆ ಬರುತ್ತದೆ.